ಖಾಲಿ ತೊಟ್ಟಿಲು ತೂಗಬಾರದು

ಬೋಯ್‌ನಜರ್‌ಗೆ ಅರವತ್ತೆಂಟು, ಮಿಸ್ಕಾಲ್‌ಗೆ ಅರವತ್ತೊಂದು, ಕತ್ತೆಗೆ ಎಷ್ಟೆಂದು ಯಾರಿಗೂ ನೆನಪಿಲ್ಲ. ಈ ಮೂವರೂ ಸೇರಿ ಒಂದು ತೊಟ್ಟಿಲನ್ನು ಸೂರ್ಯ ಮುಳುಗುವುದರೊಳಗೆ ಬೆಟ್ಟದ ಬೆನ್ನಿನ ಮೇಲಿಂದ ಬೋದೋಮ್ಲಿ ಹಳ್ಳಿಗೆ ಮುಟ್ಟಿಸಬೇಕಾಗಿತ್ತು. ನುರತಾ ಬೆಟ್ಟಗಳಲ್ಲಿ ಹಳ್ಳಿಗೊಂದು ಕಣಿವೆ. ಪಕ್ಕದ ಕಣಿವೆಗೆ ಹೋಗಬೇಕೆಂದರೆ ಕೆಳಗೆ ಮರಳುಗಾಡಿಗೆ ಇಳಿದು, ಸುತ್ತಿ ಬಳಸಿ, ಮತ್ತೆ ಹತ್ತಬೇಕು. ಆ ದಾರಿಯ ಸೇತುವೆಯನ್ನು ಮೂರು ದಿನದ ಹಿಂದೆ ಬಂದ ಹುಚ್ಚು ಹೊಳೆ ಕೊಚ್ಚಿಕೊಂಡು ಹೋಗಿತ್ತು. ಉಳಿದದ್ದು ಮುತ್ತಜ್ಜಂದಿರ ಕಾಲುದಾರಿ, ಅದೂ ಕಾಡುಕುರಿಗಳು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಷ್ಟು.

ಮಿಸ್ಕಾಲಳ ಒಬ್ಬಳೇ ಮಗಳು ಹೋಸಿಯತ್. ಅವಳನ್ನು ಬೋದೋಮ್ಲಿಯ ಬೋಯ್‌ನಜರನ ಮಗನಿಗೆ ಕೊಟ್ಟು ಐದು ವರ್ಷ. ಈಗ ಅವಳ ಮಡಿಲಲ್ಲಿ ಹನ್ನೊಂದು ದಿನದ ಗಂಡುಕೂಸು. ತೊಟ್ಟಿಲು ತಾಯಿಯ ತವರಿನಿಂದಲೇ ಬರಬೇಕು, ಬೆಸ ದಿನವೇ ಬರಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದಲ್ಲ, ಹಾಗಾಗಿ ಮೊದಲೇ ಕಳಿಸಿಡುವ ಹಾಗೂ ಇಲ್ಲ. ಇನ್ನು ಹೆರಿಗೆಯಾದ ಮನೆಯಲ್ಲಿ ನಲವತ್ತು ದಿನ ಸೂರ್ಯ ಮುಳುಗಿದ ಮೇಲೆ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಹೆತ್ತವಳ ತಾಯಿಯಾದರೂ ಸರಿ. ಇವತ್ತು ತಪ್ಪಿದರೆ ಮತ್ತೆರಡು ದಿನ ಕಾಯಬೇಕು. ಹೋಸಿಯತ್‌ಗೆ ಎರಡು ದಿನ ಕಾಯುವ ಶಕ್ತಿ ಉಳಿದಿರಲಿಲ್ಲ.

ಏಕೆಂದರೆ ಹೆತ್ತ ಗಳಿಗೆಯಿಂದ ಅವಳು ಕೂಸನ್ನು ತೋಳಿನಿಂದ ಕೆಳಗಿಳಿಸಿಯೇ ಇರಲಿಲ್ಲ. ಕೂತೇ ತೂಕಡಿಸುತ್ತಿದ್ದಳು, ಬೆಚ್ಚಿ ಏಳುತ್ತಿದ್ದಳು. ನಿದ್ದೆಗೆಟ್ಟು ಹಾಲೂ ಬತ್ತುತ್ತಾ ಬಂದಿತ್ತು. ಮೂರು ವರ್ಷದ ಹಿಂದೆ ಇದೇ ತೊಟ್ಟಿಲಲ್ಲಿ ಮಲಗಿದ ಮೊದಲ ಕೂಸು ಮೂವತ್ತೊಂದನೆಯ ದಿನ ಜ್ವರ ಬಂದು ಹೋಗಿತ್ತು. ತೊಟ್ಟಿಲು ತವರಿಗೆ ವಾಪಸ್ಸು ಬಂದು ಅಟ್ಟ ಸೇರಿತ್ತು. ಹೊಸತನ್ನು ಮಾಡಿಸುತ್ತೇನೆ ಎಂದು ಮಿಸ್ಕಾಲ್ ಹೇಳಿದ್ದಕ್ಕೆ ಹೋಸಿಯತ್ ಒಪ್ಪಿರಲಿಲ್ಲ. "ಏಳು ಜನ ಬೆಳೆದಿರೋ ತೊಟ್ಟಿಲು ಕಣಮ್ಮ ಅದು. ನೀನೂ ಮಲಗಿದ್ದೆ, ನಾನೂ ಮಲಗಿದ್ದೆ. ಅದೇ ಬೇಕು. ಈ ಸಲ ನೀನೇ ಕೈಯಾರೆ ತಾ, ತುಂಬಿಸ್ಕೊಂಡು ತಾ" ಎಂದಿದ್ದಳು.

ಖಾಲಿ ತೊಟ್ಟಿಲು ತೂಗಬಾರದು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೇ ತೊಟ್ಟಿಲು ಹೊರಡಿಸುವಾಗ ಒಳಗೆ ಎರಡು ದುಂಡನೆಯ ರೊಟ್ಟಿ ಇಡುತ್ತಾರೆ. ಮೂರು ವರ್ಷದ ಹಿಂದೆ ಆ ಗಡಿಬಿಡಿಯಲ್ಲಿ ಮಿಸ್ಕಾಲ್ ಇಡುವುದನ್ನು ಮರೆತಿದ್ದಳು. ಲಾರಿ ಅರ್ಧ ದಾರಿ ದಾಟಿದ ಮೇಲೆ ನೆನಪಾಯಿತು. ಡ್ರೈವರನ ಪಕ್ಕದಲ್ಲಿ ಕೂತಿದ್ದವಳು ನಾಚಿಕೆಗೆ ಬಾಯಿ ಬಿಡಲಿಲ್ಲ. ಆ ಹಾಳು ದಾರಿಯಲ್ಲಿ ಲಾರಿಯ ಹಿಂದೆ ತೊಟ್ಟಿಲು ನಾಲ್ಕು ಗಂಟೆ ಖಾಲಿ ತೂಗಿತು. ಕೂಸು ಹೋದಾಗ ಡಾಕ್ಟರು ಶ್ವಾಸಕೋಶ ಎಂದರು. ಮಿಸ್ಕಾಲ್ ತಲೆಯಾಡಿಸಿದಳು, ನಂಬಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಮೂರು ವರ್ಷ ಅದನ್ನು ಒಬ್ಬಳೇ ನುಂಗಿಕೊಂಡು ಇದ್ದಳು.

ಇವತ್ತು ಮಾತ್ರ ನಸುಕಿನಲ್ಲೇ ತಂದೂರು ಹಚ್ಚಿ, ಎರಡು ರೊಟ್ಟಿ ಸುಟ್ಟು, ಮೇಲೆ ಎಳ್ಳು ಉದುರಿಸಿ, ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿಟ್ಟಳು. ಇಟ್ಟ ಮೇಲೆ ಮೂರು ಸಲ ಮುಟ್ಟಿ ನೋಡಿದಳು.

"ಅಲ್ಲೇ ಇವೆ, ಬೀಗಿತ್ತಿ. ರೊಟ್ಟಿಗೆ ಕಾಲಿರೋದಿಲ್ಲ" ಎಂದ ಬೋಯ್‌ನಜರ್. ತೊಟ್ಟಿಲು ತರಲೆಂದು ಅವನು ಹಿಂದಿನ ದಿನವೇ ಅದೇ ಬೆಟ್ಟ ದಾಟಿ ಬಂದಿದ್ದ.

"ನಿಮ್ಮ ಕಾಲು ನೋಡ್ಕೊಳ್ಳಿ ಬೀಗರೇ. ನಿನ್ನೆ ಬರೋವಾಗ ಕುಂಟ್ತಾ ಇದ್ರಿ."

"ಕುಂಟ್ತಾ ಇರ್ಲಿಲ್ಲ. ಒಂದು ಕಾಲಿಗೆ ರೆಸ್ಟ್ ಕೊಡ್ತಾ ಇದ್ದೆ."

ಮಿಸ್ಕಾಲಳ ಊರಾದ ಆಕ್‌ತೂತ್‌ನ ಹಿಪ್ಪುನೇರಳೆ ಮರಗಳು ಹಿಂದೆ ಬಿದ್ದವು, ತೋಟದ ಕಲ್ಲುಗೋಡೆಗಳು ಮುಗಿದವು, ಏರು ಶುರುವಾಯಿತು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಈ ಬೆಟ್ಟಕ್ಕೆ ಸಲ್ಲುವುದಿಲ್ಲ. ದೂರದಿಂದಲೂ ಅದು ಹಲ್ಲು ಹಲ್ಲಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಆ ಹಲ್ಲುಗಳು ಕಚ್ಚುತ್ತವೆ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುವ ಜಲ್ಲಿ. ಹಿಡಿದುಕೊಳ್ಳೋಣವೆಂದರೆ ಕಾಡುಬಾದಾಮಿಯ ಮುಳ್ಳು. ಕತ್ತೆ ಮುಂದೆ, ಅದರ ಬಾಲ ಹಿಡಿದ ಬೋಯ್‌ನಜರ್ ಅದರ ಹಿಂದೆ, ಅವನಿಗೆ ಬೈಯುತ್ತಾ ಮಿಸ್ಕಾಲ್ ಎಲ್ಲರಿಗಿಂತ ಹಿಂದೆ. ಕತ್ತೆಯ ಬೆನ್ನ ಮೇಲೆ ಕೆಂಪು ಹಳದಿ ಬಣ್ಣದ, ಕಾಲಿರುವ ಮರದ ತೊಟ್ಟಿಲು ಮದುವಣಗಿತ್ತಿಯ ಹಾಗೆ ಓಲಾಡುತ್ತಾ ಹೋಗುತ್ತಿತ್ತು.

ಬೆಟ್ಟದ ನೆತ್ತಿ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು. ಎಡಗಡೆ ಕೆಳಗೆ ಕಿಜಿಲ್‌ಕುಮ್‌ನ ಮರಳು, ಕಣ್ಣು ಸೋಲುವವರೆಗೂ ಅದೇ, ಅದರ ಅಂಚಿನಲ್ಲಿ ಸರೋವರದ ಒಂದು ಬಿಳಿ ಗೆರೆ. ಬಲಗಡೆ ಒಂದರ ಹಿಂದೊಂದು ಒಣ ಕಣಿವೆ. ನಡುವೆ ಇವರು ನಡೆಯಬೇಕಾದ ಬೆನ್ನು, ಕೆಲವು ಕಡೆ ಕೋಣೆಯಷ್ಟು ಅಗಲ, ಕೆಲವು ಕಡೆ ಕಂಬಳಿಯಷ್ಟು. ಅಲ್ಲೊಂದು ಬಂಡೆಯಿದೆ. ಅದರ ಮೇಲೆ ನಿಂತರೆ ಮಾತ್ರ ಫೋನು ಸಿಗುತ್ತದೆ. ಮಿಸ್ಕಾಲ್ ಹತ್ತಿ ನಿಂತು ಮಗಳಿಗೆ ಹಚ್ಚಿದಳು.

"ಎಲ್ಲಿದೀಯಮ್ಮ?" ಹೋಸಿಯತಳ ದನಿ ಸಣ್ಣಗಾಗಿತ್ತು.

"ಮಾತಿನ ಬಂಡೆ ಹತ್ರ. ಮಗು ಹೇಗಿದಾನೆ?"

"ಅಳ್ತಾನೆ. ಹೊಟ್ಟೆ ತುಂಬ್ತಾ ಇಲ್ಲ ಅನ್ಸುತ್ತೆ. ತೊಟ್ಟಿಲಲ್ಲಿ ರೊಟ್ಟಿ ಇದೆ ತಾನೇ?"

"ಇದೆ ಕಣೇ. ಈಗ್ತಾನೆ ಮುಟ್ಟಿ ನೋಡ್ದೆ."

ಕೆಳಗಿಳಿದಾಗ ಅವಳ ಮುಖ ನೋಡಿ ಬೋಯ್‌ನಜರ್ ಒಂದು ಕುರ್ತ್ ಕೊಟ್ಟ. ಒಣಗಿಸಿದ ಮೊಸರಿನ ಆ ಉಪ್ಪುಂಡೆಯನ್ನು ಬಾಯಲ್ಲಿಟ್ಟುಕೊಂಡರೆ ಒಂದು ಗಂಟೆ ಮಾತಿಗೂ ಬಾಯಾರಿಕೆಗೂ ಬಿಡುವು.

ಅವನಿಗೆ ಮಾತ್ರ ಬಿಡುವು ಬೇಕಿರಲಿಲ್ಲ. "ನಿಮ್ಮ ಮಗಳ ಕೈರುಚಿ ಚೆನ್ನಾಗಿದೆ ಅಂತ ಊರೆಲ್ಲ ಹೇಳ್ತಾರೆ ಬೀಗಿತ್ತಿ. ನನಗೆ ಗೊತ್ತಿಲ್ಲ. ಮೂರು ವರ್ಷದಿಂದ ನನ್ನ ತಟ್ಟೆಗೆ ಬೀಳೋದು ಕರಕಲು ರೊಟ್ಟಿನೇ. ತಂದೂರಿನಲ್ಲಿ ಯಾವುದು ಸುಟ್ಟು ಇದ್ದಿಲಾಗುತ್ತೋ ಅದರ ಮೇಲೆ ನನ್ನ ಹೆಸರು."

"ನನ್ನ ಮಗಳು ಸುಮ್ಸುಮ್ನೆ ಹಾಗೆ ಮಾಡೋಳಲ್ಲ. ನೀವೇ ಏನೋ ಮಾಡಿರ್ಬೇಕು."

"ಮಾಡಿರ್ಬೇಕು" ಎಂದು ಅವನು ಸುಲಭವಾಗಿ ಒಪ್ಪಿಕೊಂಡ. "ಮಾವ ಅಂದ್ಮೇಲೆ ಏನಾದ್ರೂ ಮಾಡಿರ್ತಾನೆ."

ಮಧ್ಯಾಹ್ನದ ಹೊತ್ತಿಗೆ, ಜನ ಗರಗಸ ಎಂದು ಕರೆಯುವ ಜಾಗದ ಬಾಯಿಗೆ ಬಂದರು. ಅಲ್ಲಿಂದ ಮುಂದೆ ಬೆಟ್ಟದ ಬೆನ್ನು ಬರೀ ಚೂಪು ಕಲ್ಲುಗಳ ಸಾಲು, ಕತ್ತೆಗೆ ದಾರಿಯಿಲ್ಲ. ಎಲ್ಲರೂ ಅಲ್ಲೇ ಹೊರೆ ಇಳಿಸಿ ಕತ್ತೆಯನ್ನು ಬಿಟ್ಟುಬಿಡುತ್ತಾರೆ, ಅದು ತಾನಾಗಿ ಮನೆ ಸೇರುತ್ತದೆ. ಈ ಬೆಟ್ಟದ ಕತ್ತೆಗಳಿಗೆ ಮನುಷ್ಯರಿಗಿಂತ ದಾರಿ ಚೆನ್ನಾಗಿ ಗೊತ್ತು. ಮಿಸ್ಕಾಲ್ ಪಕ್ಕದ ಇಳಿಜಾರಿನ ಒರತೆಗೆ ನೀರು ತರಲು ಇಳಿದಳು. ಬೋಯ್‌ನಜರ್ ತೊಟ್ಟಿಲನ್ನು ಬಿಚ್ಚಿ ಕೆಳಗಿಟ್ಟು, ಕುಂಟುವ ಕಾಲಿನ ಬೂಟು ತೆಗೆದು ಕಲ್ಲು ಕೊಡವುತ್ತಾ ಕೂತ.

ಅವಳು ಬಾಟಲಿ ತುಂಬಿಸಿಕೊಂಡು ಮೇಲೆ ಬಂದಾಗ ಕತ್ತೆಯ ಮೂತಿ ತೊಟ್ಟಿಲೊಳಗಿತ್ತು.

ಬಾಟಲಿ ಕೈಜಾರಿತು. ಬೋಯ್‌ನಜರ್ ಒಂದೇ ಬೂಟಿನಲ್ಲಿ ಎದ್ದು ಓಡಿ ಕತ್ತೆಯ ಕಿವಿ ಹಿಡಿದು ಎಳೆದ. ಅದರ ತುಟಿಯ ಮೇಲೆ ನಾಲ್ಕು ಎಳ್ಳು ಉಳಿದಿದ್ದವು. ಬಟ್ಟೆ ಒದ್ದೆಯಾಗಿ ಕೆಳಗೆ ಬಿದ್ದಿತ್ತು.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತಾರೆ" ಎಂದ ಅವನು, ದನಿ ಸಣ್ಣದು ಮಾಡಿ. "ಹಾಗೆ ಹೇಳಿದೋನು ಈ ಕತ್ತೆನ ನೋಡಿಲ್ಲ."

ಮಿಸ್ಕಾಲ್ ನಗಲಿಲ್ಲ. ನೆಲಕ್ಕೆ ಕುಸಿದು ಕೂತು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಭುಜಗಳು ಅಲುಗುತ್ತಿದ್ದವು. ಎರಡು ರೊಟ್ಟಿಗೆ ಇಷ್ಟು ಅಳು ಏಕೆಂದು ಕೇಳುವಷ್ಟು ದಡ್ಡನಲ್ಲ ಬೋಯ್‌ನಜರ್. ಕತ್ತೆಯ ಬೆನ್ನಿಗೊಂದು ಏಟು ಕೊಟ್ಟು ಊರಿನ ದಾರಿಗೆ ಅಟ್ಟಿ ಬಂದು, ಸ್ವಲ್ಪ ದೂರದಲ್ಲಿ ಕೂತ.

"ಆ ಸಲಾನೂ ಖಾಲಿ ಬಂದಿತ್ತು" ಎಂದಳು ಅವಳು ಸೆರಗಿನೊಳಗಿಂದ. "ನಾನು ರೊಟ್ಟಿ ಇಡೋದು ಮರೆತಿದ್ದೆ. ದಾರಿಲಿ ನೆನಪಾದ್ರೂ ಬಾಯಿ ಬಿಡ್ಲಿಲ್ಲ. ಆ ಮಗೂನ ನಾನೇ ಕಳ್ಕೊಂಡೆ ಬೀಗರೇ. ಈಗ ಇದನ್ನೂ ಖಾಲಿ ತಗೊಂಡು ಹೋಗ್ತಾ ಇದೀನಿ."

ಬೋಯ್‌ನಜರ್ ಬೂಟನ್ನು ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಮರಳುಗಾಡಿನ ಕಡೆ ನೋಡುತ್ತಾ ಹೇಳಿದ.

"ಖಾಲಿ ಬರ್ಲಿಲ್ಲ."

"ಏನು?"

"ಲಾರಿ ಹಿಂದೆ ತೊಟ್ಟಿಲ ಜೊತೆ ಇದ್ದೋನು ನಾನು ತಾನೇ. ನಿಮ್ಮೂರಲ್ಲಿ ಎರಡು ಬಾಟಲಿ ವೋಡ್ಕಾ ತಗೊಂಡಿದ್ದೆ. ನಿಮ್ಮ ಕಣ್ಣಿಗೂ ಹೊಲ್ಬುವಿ ಕಣ್ಣಿಗೂ ಬೀಳಬಾರ್ದು ಅಂತ ತೊಟ್ಟಿಲಲ್ಲಿ ಇಟ್ಟು ಮೇಲೆ ಬಟ್ಟೆ ಹೊದಿಸಿದ್ದೆ. ಊರಿನ ತನಕ ಕೂಸಿನ ಹಾಗೆ ತೂಗ್ಕೊಂಡು ಬಂದ್ವು. ಇಳಿಯೋವಾಗ ಜೇಬಿಗೆ ಹಾಕ್ಕೊಂಡೆ. ಖಾಲಿ ಅಂತೂ ಇರ್ಲಿಲ್ಲ, ಬೀಗಿತ್ತಿ. ಪಾಪ ಇದ್ರೆ ನಂದು, ನಿಮ್ಮದಲ್ಲ."

ಮಿಸ್ಕಾಲ್ ಸೆರಗು ತೆಗೆದಳು. ಅವಳ ಕಣ್ಣೀರು ಅಲ್ಲೇ ಆರಿತು. ಹೊಲ್ಬುವಿ ಅವನ ಹೆಂಡತಿ, ಊರಿಗೇ ಹಿರಿಯಳಂತಿರುವ ಹೆಂಗಸು. ಅಂಥವಳ ಗಂಡ, ತನ್ನ ಮೊಮ್ಮಗುವಿನ ತೊಟ್ಟಿಲಲ್ಲಿ!

"ವೋಡ್ಕಾ" ಎಂದಳು ಅವಳು.

"ಎರಡು ಬಾಟಲಿ."

"ನನ್ನ ಅಜ್ಜಿ ತೂಗಿದ ತೊಟ್ಟಿಲಲ್ಲಿ. ಬಿಳಿ ಗಡ್ಡ ಬಿಟ್ಕೊಂಡು. ಥೂ ನಿಮ್ಮ."

"ಬೈರಿ. ನಡೀತಾ ಬೈರಿ, ಹೊತ್ತಾಗುತ್ತೆ."

ಸಿಟ್ಟು ಅವಳನ್ನು ಎಬ್ಬಿಸಿ ನಿಲ್ಲಿಸಿತು. ಮೂರು ವರ್ಷ ಎದೆಯಲ್ಲಿದ್ದ ಭಾರಕ್ಕೆ ಇದ್ದಕ್ಕಿದ್ದಂತೆ ಬೇರೊಂದು ಮನೆ ಸಿಕ್ಕಿತ್ತು, ಅದೂ ಎದುರಿಗೇ ಬೂಟು ಕಟ್ಟಿಕೊಳ್ಳುತ್ತಾ ಕೂತಿತ್ತು. ಅವಳು ಆ ಕಡೆ ಈ ಕಡೆ ಹುಡುಕಿ, ಕಲ್ಲಂಗಡಿಯಷ್ಟು ದಪ್ಪದ ಒಂದು ದುಂಡು ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತಂದಳು. ಬಿಸಿಲಿಗೆ ಅದು ಬೆಚ್ಚಗಿತ್ತು. ತೊಟ್ಟಿಲ ಹಾಸಿಗೆಯ ನಡುವೆ ಕೂಸಿನ ಉಚ್ಚೆಗೆಂದು ಬಿಟ್ಟ ತೂತಿನ ಮೇಲೆ ಇಟ್ಟು, ಅದರಿಂದ ಜಾರಿ ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಕೂಸನ್ನು ಕಟ್ಟುವ ಪಟ್ಟಿಗಳಿಂದಲೇ ಬಿಗಿದಳು.

"ಅಷ್ಟು ದೊಡ್ಡದು ಯಾಕೆ?" ಎಂದ ಬೋಯ್‌ನಜರ್, ಹೊರಬೇಕಾದವನು ತಾನೇ ಎಂಬುದು ನೆನಪಾಗಿ. "ಒಂದು ಸಣ್ಣದು ಸಾಕಿತ್ತು."

"ನನ್ನ ಮೊಮ್ಮಗ ಗುಂಡುಕಲ್ಲಿನ ಹಾಗೆ ಇರ್ಬೇಕು. ಸಣ್ಣ ಕಲ್ಲಿನ ಹಾಗಲ್ಲ. ಹೊರಿ."

ಅವನು ಹೊತ್ತ. ತೊಟ್ಟಿಲನ್ನು ಹಗ್ಗದಿಂದ ಬೆನ್ನಿಗೆ ಕಟ್ಟಿಕೊಂಡು, ಮುಂದಕ್ಕೆ ಬಾಗಿ, ಕೈಯನ್ನೂ ಕಾಲು ಮಾಡಿಕೊಂಡು ಗರಗಸದ ಮೊದಲ ಹಲ್ಲು ಹತ್ತಿದ. ಮಿಸ್ಕಾಲ್ ಅವನ ಬೆನ್ನಿಗೇ ಹತ್ತಿದಳು, ಬೈಯುತ್ತಲೇ. ಒಂದು ಹಲ್ಲಿಗೆ ಅವನ ಗಡ್ಡಕ್ಕೆ ಬೈದಳು, ಇನ್ನೊಂದಕ್ಕೆ ಅವನ ನಮಾಜಿಗೆ, ಮತ್ತೊಂದಕ್ಕೆ ಅವನ ವಂಶಕ್ಕೆ. ವಂಶಕ್ಕೆ ಬೈಯುವಾಗ ಮೊಮ್ಮಗ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು. ಕಲ್ಲುಗಳು ಅಂಗೈ ಕೆರೆದವು. ಒಂದು ಕಡೆ ಇಬ್ಬರೂ ಹೊಟ್ಟೆಯ ಮೇಲೆ ತೆವಳಿದರು. ಬಿಸಿಲು ಮೇಲಿನಿಂದಲೂ ಕಲ್ಲಿನಿಂದಲೂ ಸುಟ್ಟಿತು. ಬಾಟಲಿಯಲ್ಲಿ ಉಳಿದದ್ದೇ ಅರ್ಧ ನೀರು, ಅದನ್ನು ಗುಟುಕು ಗುಟುಕಾಗಿ ಹಂಚಿಕೊಂಡರು. ಬೋಯ್‌ನಜರ್ ಕುಂಟುವುದನ್ನು ಈಗ ರೆಸ್ಟ್ ಎಂದು ಕರೆಯುತ್ತಿರಲಿಲ್ಲ.

ಕೊನೆಯ ಹಲ್ಲಿನ ಹತ್ತಿರ ಮರಳುಗಾಡಿನ ಕಡೆಯಿಂದ ಗಾಳಿ ಎದ್ದಿತು. ತೊಟ್ಟಿಲ ಮೇಲುಹೊದಿಕೆ ಉಬ್ಬಿಕೊಂಡು ಬೋಯ್‌ನಜರನನ್ನು ಬಲಗಡೆಯ ಪ್ರಪಾತದತ್ತ ಎಳೆಯಿತು. ಅವನ ಒಂದು ಕಾಲು ಜಾರಿತು. ಮಿಸ್ಕಾಲ್ ಮುಂದೆ ಬಿದ್ದು ತೊಟ್ಟಿಲ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಹಿಮ್ಮಡಿ ಊರಿ, ತನ್ನ ಮೈಭಾರವೆಲ್ಲ ಹಾಕಿ ಜಗ್ಗಿದಳು. ಅವನು ಕಲ್ಲಿಗೆ ಆತು ನಿಂತ. ಇಬ್ಬರೂ ಸ್ವಲ್ಪ ಹೊತ್ತು ಉಸಿರಾಡುವುದನ್ನೇ ಕೆಲಸ ಮಾಡಿಕೊಂಡರು.

"ಕಲ್ಲು ದೊಡ್ಡದಿದ್ದಿದ್ದು ಒಳ್ಳೇದಾಯ್ತು" ಎಂದ ಅವನು ಕೊನೆಗೆ. "ಸಣ್ಣದಾಗಿದ್ರೆ ನಾನು ಇಷ್ಟೊತ್ತಿಗೆ ಹಾರ್ತಾ ಇದ್ದೆ."

"ಮಾತಾಡ್ಬೇಡಿ" ಎಂದಳು ಮಿಸ್ಕಾಲ್. ಆದರೆ ಅಲ್ಲಿಂದ ಮುಂದೆ ಅವಳು ತೊಟ್ಟಿಲ ಕಾಲನ್ನು ಬಿಡಲಿಲ್ಲ, ಬೈಯಲೂ ಇಲ್ಲ. ಇಳಿಜಾರಿನುದ್ದಕ್ಕೂ ಹಿಂದಿನಿಂದ ಎತ್ತಿ ಹಿಡಿದು ಅವನ ಬೆನ್ನಿನ ಭಾರ ತಗ್ಗಿಸಿದಳು. ಹೊತ್ತೆಷ್ಟು ಉಳಿದಿದೆಯೆಂದು ಕೈ ಚಾಚಿ ಸೂರ್ಯನ ಕೆಳಗೆ ಬೆರಳಿಟ್ಟು ಅಳೆದಳು. ನಾಲ್ಕು ಬೆರಳು. ಜಲ್ಲಿ ಜಾರುವ ಇಳುಕಲು, ಮೂರು ಬೆರಳು. ಕೌಜುಗಗಳು ಪುರ್ರೆಂದು ಎದ್ದ ಒಣಹುಲ್ಲಿನ ತಿರುವು, ಎರಡು. ಬೋದೋಮ್ಲಿಯ ಮೊದಲ ನಾಯಿ ಬೊಗಳಿದಾಗ ಒಂದೇ ಬೆರಳು ಉಳಿದಿತ್ತು.

ಹೊಲ್ಬುವಿ ಧೂಪದ ಹೊಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಬನ್ನಿ ಬನ್ನಿ, ಬೇಗ" ಎಂದು ಹೊಗೆಯನ್ನು ಅವರ ಸುತ್ತ ಬೀಸಿ ಒಳಗೆ ತಳ್ಳಿದಳು. ಬೋಯ್‌ನಜರ್ ತೊಟ್ಟಿಲನ್ನು ಬಾಣಂತಿಯ ಕೋಣೆಯಲ್ಲಿ ಇಳಿಸಿ, ಸೊಸೆಯ ಕಡೆ ನೋಡದೆ, ಹೊರಗೆ ಜಗುಲಿಗೆ ಹೋಗಿ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಕೂತ.

ಹೋಸಿಯತಳ ಕೆನ್ನೆ ಒಳಗೆ ಹೋಗಿತ್ತು. ಮಿಸ್ಕಾಲ್ ಅವಳ ಹಣೆಗೂ ಕೂಸಿನ ಹಣೆಗೂ ಮುತ್ತಿಟ್ಟಳು. ಕೂಸು ತಾಯಿಯ ತೋಳಿನಲ್ಲಿ ಬೆರಳು ಚೀಪುತ್ತಾ ಗೊಣಗುತ್ತಿತ್ತು. ಮಗಳು ಒಂದು ಕೈಯಿಂದ ಹೊದಿಕೆ ಸರಿಸಿದಳು, ಕಲ್ಲು ಕಂಡಿತು.

"ರೊಟ್ಟಿ ಎಲ್ಲಮ್ಮ?"

"ಕತ್ತೆ ತಿಂತು ಕಣೇ. ಗರಗಸದ ಹತ್ರ. ಅಲ್ಲಿಂದ ಕಲ್ಲು ಇಟ್ಕೊಂಡು ಬಂದ್ವಿ. ಒಂದು ಹೆಜ್ಜೇನೂ ಖಾಲಿ ಬಂದಿಲ್ಲ."

ಹೋಸಿಯತಳ ಮುಖ ಗಂಟಿಕ್ಕಿತು. "ಕತ್ತೆ ತಿಂತೋ, ಮಾವ ತಿಂದ್ರೋ?"

"ಮಾವ ಯಾಕೆ ತಿಂತಾರೆ?"

"ಆ ಸಲ ತಿಂದಿದ್ರಲ್ಲ. ತೊಟ್ಟಿಲು ತೆಗೆದು ನೋಡಿದ್ರೆ ಏನೂ ಇರ್ಲಿಲ್ಲ. ಕೇಳಿದ್ದಕ್ಕೆ ಅವರೇ ಹೇಳಿದ್ರು, ಲಾರಿ ಹಿಂದೆ ಹಸಿವಾಯ್ತು, ನಿಮ್ಮಮ್ಮ ಇಟ್ಟಿದ್ದ ಎರಡೂ ರೊಟ್ಟಿ ತಿಂದ್ಬಿಟ್ಟೆ ಅಂತ. ನಿನಗೆ ಹೇಳಿದ್ರೆ ನೊಂದ್ಕೋತೀಯಾ ಅಂತ ಸುಮ್ನಿದ್ದೆ."

ಮಿಸ್ಕಾಲ್ ತೊಟ್ಟಿಲ ಅಂಚು ಹಿಡಿದುಕೊಂಡಳು. ಹಾಗಾದರೆ ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಲಾರಿಯ ಹಿಂದೆ ಖಾಲಿ ತೊಟ್ಟಿಲ ಪಕ್ಕ ಕೂತು ಬಂದವನಿಗೆ ಗೊತ್ತಿಲ್ಲದೆ ಇರುತ್ತದೆಯೇ.

"ನಿನ್ನ ಮಾವ ವೋಡ್ಕಾ ಕುಡೀತಾರಾ?" ಎಂದು ಕೇಳಿದಳು.

"ಮಾವನಾ? ಮದುವೆ ಮನೇಲಿ ಪಕ್ಕದೋರು ಬಾಟಲಿ ಬಿಚ್ಚಿದ್ರೆ ಎದ್ದು ಕುರಿ ಹತ್ರ ಹೋಗಿ ಕೂತ್ಕೋತಾರೆ. ಯಾಕೆ?"

ಈಗ ಸುಮ್ಮನಿದ್ದರೂ ಆಗುತ್ತಿತ್ತು. ಮಗಳು ದಣಿದಿದ್ದಳು, ಕೂಸು ಹಸಿದಿತ್ತು, ಮುದುಕ ತಾನಾಗಿ ಹೊತ್ತುಕೊಂಡ ಹೊರೆಯನ್ನು ಯಾರೂ ಇಳಿಸು ಎಂದಿರಲಿಲ್ಲ. ಆದರೆ ಬೀಗರ ತಟ್ಟೆಯ ಕರಕಲು ರೊಟ್ಟಿ ಮಿಸ್ಕಾಲಳ ಕಣ್ಣ ಮುಂದೆ ಬಂತು. ಮೂರು ವರ್ಷ, ದಿನಕ್ಕೆ ಎರಡು ಹೊತ್ತು.

"ಅವರು ತಿನ್ನಲಿಲ್ಲ ಹೋಸಿಯತ್. ತಿನ್ನೋಕೆ ರೊಟ್ಟಿನೇ ಇರ್ಲಿಲ್ಲ. ಇಡೋದು ಮರೆತಿದ್ದು ನಾನು."

ಮಿಸ್ಕಾಲ್ ತಲೆ ತಗ್ಗಿಸಿ ಕಾದಳು. ಮಗಳು ಏನೆಂದರೂ ಸರಿಯೆಂದು ಗಟ್ಟಿ ಮಾಡಿಕೊಂಡು ಕಾದಳು. ಕೊನೆಗೆ ಮಗಳ ಬಿಡುವಾದ ಕೈ ಬಂದು ಅವಳ ಕೆರೆದುಹೋದ ಅಂಗೈಯನ್ನು ಹಿಡಿಯಿತು.

"ಅಮ್ಮ, ಅದು ಶ್ವಾಸಕೋಶ. ಡಾಕ್ಟರು ಹೇಳಿದ್ರಲ್ಲ."

ತಪ್ಪು ಮಾವನದಾಗಿದ್ದಾಗ ಅದು ರೊಟ್ಟಿಯಿಂದ ಆದದ್ದು, ತಾಯಿಯದಾದ ಕೂಡಲೇ ಜ್ವರದಿಂದ ಆದದ್ದು. ಪ್ರೀತಿಯ ನ್ಯಾಯ ಹೀಗೆಯೇ, ಯಾವ ಪಂಚಾಯಿತಿಯಲ್ಲೂ ನಿಲ್ಲುವುದಿಲ್ಲ. ತಾಯಿ ಮಗಳು ಇಬ್ಬರೂ ಅತ್ತರು. ನಡುವೆ ಸಿಕ್ಕ ಕೂಸೂ ಅತ್ತಿತು.

ಹೊಲ್ಬುವಿ ಬಂದು ಇಬ್ಬರಿಗೂ ಗದರಿಸಿ ಶಾಸ್ತ್ರಕ್ಕೆ ಕೂರಿಸಿದಳು. ಮಿಸ್ಕಾಲ್ ಕಲ್ಲನ್ನು ತೆಗೆದು ಕೂಸನ್ನು ಎತ್ತಿಕೊಂಡಳು. ತಲೆಯನ್ನು ಕಾಲಿನ ಕಡೆ ಮಾಡಿ "ಹೀಗೆ ಮಲಗಿಸ್ಲಾ?" ಎಂದು ಕೇಳಿದಳು. "ಬೇಡ" ಎಂದರು ಎಲ್ಲರೂ. ಅಡ್ಡಡ್ಡ ಹಿಡಿದು "ಹೀಗಾ?" ಎಂದಳು. "ಬೇಡ." ನೆಟ್ಟಗೆ ಹಿಡಿದು "ಹೀಗೆ?" ಎಂದಾಗ ಎಲ್ಲರಿಗಿಂತ ಜೋರಾಗಿ "ಹಾಂ, ಹಾಗೆ" ಎಂದದ್ದು ಜಗುಲಿಯ ಮೇಲಿನ ಬೋಗುಣಿಯ ಕಡೆಯಿಂದ. ಕಲ್ಲು ಬಿಟ್ಟುಹೋದ ತಗ್ಗಿನಲ್ಲಿ ಕೂಸು ಸರಿಯಾಗಿ ಕೂತಿತು. ನಾಲ್ಕು ಸಲ ತೂಗುವುದರೊಳಗೆ ಕಣ್ಣು ಮುಚ್ಚಿತು.

ಹೋಸಿಯತ್ ಹನ್ನೊಂದು ದಿನದಲ್ಲಿ ಮೊದಲ ಸಲ ಎರಡೂ ಕೈ ಬೀಸಿಕೊಂಡು ಎದ್ದಳು. ಮಲಗು ಎಂದರೆ ಕೇಳಲಿಲ್ಲ. ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನು ಒಂದೊಂದಾಗಿ ತಿರುವಿ ನೋಡಿ, ಎಲ್ಲಕ್ಕಿಂತ ದುಂಡಗೆ, ಎಲ್ಲಕ್ಕಿಂತ ಹೊಂಬಣ್ಣಕ್ಕೆ ಬೆಂದದ್ದನ್ನು ಆರಿಸಿದಳು. ಹೊರಗೆ ಕತ್ತಲಾಗುತ್ತಿತ್ತು, ಬಾಣಂತಿಯೂ ಹೊಸ್ತಿಲು ದಾಟುವಂತಿರಲಿಲ್ಲ. ಒಳಗೇ ನಿಂತು ಕೈ ಚಾಚಿದಳು.

"ಮಾವ, ತಗೊಳ್ಳಿ."

ಬೋಯ್‌ನಜರ್ ಒದ್ದೆ ಕಾಲಿನಲ್ಲಿ ಎದ್ದು ಬಂದು ರೊಟ್ಟಿ ತೆಗೆದುಕೊಂಡ. ಅಭ್ಯಾಸಬಲದಿಂದ ಸುಟ್ಟ ಕಡೆ ಹುಡುಕುತ್ತಾ ಹಿಂದೆ ಮುಂದೆ ತಿರುಗಿಸಿದ. ಸಿಗಲಿಲ್ಲ. ಸೊಸೆಯ ಮುಖ ನೋಡಿದ, ಅವಳ ಹಿಂದೆ ನಿಂತಿದ್ದ ಬೀಗಿತ್ತಿಯ ಮುಖ ನೋಡಿದ.

"ಬಾಯಿ ಬಿಟ್ರಾ, ಬೀಗಿತ್ತಿ?"

"ಬಿಟ್ಟೆ. ಇನ್ಮೇಲಾದ್ರೂ ಸುಳ್ಳು ಹೇಳೋದಿದ್ರೆ ಇಬ್ಬರಿಗೂ ಒಂದೇ ಸುಳ್ಳು ಹೇಳಿ ಬೀಗರೇ."

ಅವನು ಜಗುಲಿಗೆ ಹೋಗಿ, ಅವರಿಗೆ ಬೆನ್ನು ಮಾಡಿ ಕೂತು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ. ಗಡ್ಡ ಒರೆಸಿಕೊಳ್ಳುವ ನೆಪದಲ್ಲಿ ಎರಡು ಸಲ ಕಣ್ಣೊರೆಸಿಕೊಂಡ.

"ಮೂರು ವರ್ಷ ಕರಕಲು ತಿಂದ ಬಾಯಿಗೆ ಇದು ಯಾಕೋ ಸಪ್ಪೆ" ಎಂದು ಹೇಳಿ, ಒಂದು ಚೂರೂ ಬಿಡದೆ ತಿಂದ.